ಕಾವು ಕೂತ ಹೇಂಟೆಗೆ ಬೇರೆ ಮರಿ ಸೇರಿಸುವುದು ಹೇಗೆ?

12 ಮೊಟ್ಟೆ ಇಟ್ಟು ಹೇಂಟೆಯನ್ನು ಕಾವಿಗೆ ಕೂರಿಸಿದ್ದೀರಿ. 21 ದಿನ ಆಯಿತು, 23 ಆಯಿತು, ಒಂದು ಮೊಟ್ಟೆಯೂ ಒಡೆಯಲಿಲ್ಲ. ಬೇಸಿಗೆಯಲ್ಲಿ ಹೀಗಾಗುವುದು ಹೆಚ್ಚು. ಕಾವಿಗೆ ಇಡುವ ಮೊದಲೇ ಸೆಕೆಗೆ ಮೊಟ್ಟೆ ಕೆಟ್ಟಿರುತ್ತದೆ, ಇಲ್ಲವೇ ಹಿಂಡಿನಲ್ಲಿ ಒಳ್ಳೆಯ ಹುಂಜವಿಲ್ಲದೆ ಮೊಟ್ಟೆ ಬೀಜ ಕಟ್ಟಿರುವುದಿಲ್ಲ. ಹೇಂಟೆಗೆ ಅದೆಲ್ಲ ತಿಳಿಯದು. ಮೇವು ನೀರು ಮರೆತು ಕೂತೇ ಇರುತ್ತದೆ. ಪಕ್ಕದ ಮನೆಯ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಮರಿಗಳಿವೆ, ತಾಯಿ ಇಲ್ಲ. ತಾಯಿಯನ್ನು ಮುಂಗುಸಿ ಹಿಡಿದಿರಬಹುದು. ಅಥವಾ ಹ್ಯಾಚರಿಯಿಂದ ಒಂದು ದಿನದ ಮರಿ ತಂದು, ಬಲ್ಬು ಹಾಕಿ ಬುಟ್ಟಿಯಡಿ ಇಟ್ಟಿರುತ್ತಾರೆ. ರಾತ್ರಿ ಕರೆಂಟು ಹೋದರೆ ಮನೆಯವರಿಗೆ ನಿದ್ದೆಯಿಲ್ಲ. ಈ ಎರಡೂ ಮನೆಗೆ ಪರಿಹಾರ ಒಂದೇ: ಆ ಮರಿಗಳನ್ನು ಈ ಹೇಂಟೆಯಡಿ ಸೇರಿಸುವುದು.

ಇದು ಹೊಸ ವಿದ್ಯೆಯೇನಲ್ಲ, ಕೋಳಿ ಸಾಕಿದ ಹೆಂಗಸರು ಹಿಂದಿನಿಂದಲೂ ಮಾಡಿಕೊಂಡು ಬಂದದ್ದೇ. ಆದರೂ ಒಬ್ಬರಿಗೆ ಸಲೀಸಾಗಿ ಆದದ್ದು ಇನ್ನೊಬ್ಬರಿಗೆ ಕೆಡುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಮರಿಗಳ ತಲೆ ಕುಕ್ಕಿ ರಕ್ತ ಬಂದಿರುತ್ತದೆ. ಆಗ ಹೇಂಟೆಯನ್ನು ಕೆಟ್ಟದ್ದು ಎಂದು ಬೈಯುವುದು ರೂಢಿ. ನಾನು ಕಂಡಂತೆ ತಪ್ಪು ಬಹುಪಾಲು ಹೇಂಟೆಯದಲ್ಲ, ಹೊತ್ತಿನದು. ಹೇಂಟೆಯ ಮೈ ತಾಯ್ತನಕ್ಕೆ ತೆರೆದುಕೊಳ್ಳಲು ಒಂದು ಕಾಲವಿದೆ. ಮರಿಯ ಮನಸ್ಸು ತಾಯಿಗಾಗಿ ತೆರೆದಿರಲು ಇನ್ನೊಂದು ಕಾಲವಿದೆ. ಅವೆರಡೂ ಕೂಡಿದ ದಿನ ಕೆಲಸ ಸುಲಭ, ಕೂಡದ ದಿನ ಏನು ಮಾಡಿದರೂ ಕಷ್ಟ.

ಮೊದಲು ಹೇಂಟೆಯ ಕಡೆಯಿಂದ ನೋಡೋಣ. ಮೊಟ್ಟೆ ಇಡುತ್ತಿದ್ದ ಕೋಳಿ ಒಂದು ದಿನ ಗೂಡು ಬಿಟ್ಟೇಳುವುದಿಲ್ಲ. ಕೈ ಹತ್ತಿರ ತಂದರೆ ಗರಿ ಕೆದರಿಕೊಂಡು ಗುರ್ ಎನ್ನುತ್ತದೆ, ಹೊಟ್ಟೆಯ ಗರಿ ಉದುರಿ ಚರ್ಮ ಬರಿದಾಗಿರುತ್ತದೆ. ಇದರ ಹಿಂದೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಕೆಲಸವಿದೆ. ಬರಿದಾದ ಹೊಟ್ಟೆಗೆ ಮೊಟ್ಟೆ ತಾಗುತ್ತಿದ್ದಷ್ಟು ದಿನ ಅದು ರಕ್ತದಲ್ಲಿ ಏರಿಯೇ ಇರುತ್ತದೆ. ಮರಿ ಹೊರಬಂದು ಅದರ ಮೈ ತಾಗಿ, ಕೂಗು ಕಿವಿಗೆ ಬಿದ್ದಾಗ ಹಾರ್ಮೋನು ಇಳಿಯತೊಡಗುತ್ತದೆ. ಕೂರುವ ಹೇಂಟೆ ಆಗ ಮರಿಗಳನ್ನು ಕರೆದುಕೊಂಡು ತಿರುಗುವ ಹೇಂಟೆಯಾಗುತ್ತದೆ. ಈ ಬದಲಾವಣೆಗೆ ಮೊಟ್ಟೆ ಅದರದ್ದೇ ಆಗಿರಬೇಕಾಗಿಲ್ಲ, ಮರಿಯ ಸ್ಪರ್ಶ ಮತ್ತು ದನಿ ಸಾಕು.

ದನಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೀವವಿಜ್ಞಾನಿ ಯಾಕೋಬ್ ಫಾನ್ ಯುಕ್ಸ್‌ಕುಲ್ 1934ರ ತಮ್ಮ ಪುಸ್ತಕದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಮರಿಯ ಕಾಲು ಕಟ್ಟಿ, ಹೇಂಟೆಗೆ ಕಾಣದಂತೆ ಮರೆಯಲ್ಲಿಟ್ಟರೆ, ಅದರ ಚೀತ್ಕಾರ ಕೇಳಿ ಹೇಂಟೆ ಗರಿ ಕೆದರಿಕೊಂಡು ಓಡಿಬರುತ್ತದೆ. ಅದೇ ಮರಿಯನ್ನು ಗಾಜಿನ ಗುಮ್ಮಟದ ಕೆಳಗೆ ಇಟ್ಟರೆ, ಕಣ್ಣೆದುರೇ ಒದ್ದಾಡುತ್ತಿದ್ದರೂ ದನಿ ಹೊರಗೆ ಬಾರದ ಕಾರಣ ಹೇಂಟೆ ತಿರುಗಿಯೂ ನೋಡುವುದಿಲ್ಲ. 1960ರಲ್ಲಿ ವುಲ್ಫ್‌ಗಾಂಗ್ ಶ್ಲೈಟ್ ಮತ್ತು ಸಂಗಡಿಗರು ಟರ್ಕಿ ಕೋಳಿಗಳ ಮೇಲೆ ನಡೆಸಿದ ಅಧ್ಯಯನ ಇನ್ನೂ ಕಟುವಾದದ್ದು. ಕಿವಿ ಕೇಳದಂತೆ ಮಾಡಿದ ತಾಯಂದಿರು ತಮ್ಮ ಮೊಟ್ಟೆಯಿಂದಲೇ ಬಂದ ಮರಿಗಳನ್ನು ಕುಕ್ಕಿ ಕೊಂದವು. ಗೂಡಿಗೆ ಬಂದ, ದನಿಯಿಲ್ಲದ ಸಣ್ಣ ಪ್ರಾಣಿ ಅವುಗಳ ಪಾಲಿಗೆ ಶತ್ರುವಾಗಿತ್ತು. ಮರಿಯ ಚಿಂವ್ ಚಿಂವ್ ಕೇಳಿದಾಗ ಮಾತ್ರ ಕುಕ್ಕುವ ಕೊಕ್ಕು ತಡೆಯುತ್ತದೆ. ಆದ್ದರಿಂದ ಸೊರಗಿ ದನಿಯಿಲ್ಲದೆ ಮುದುಡಿದ ಮರಿಯನ್ನು ಹೇಂಟೆಯಡಿ ಇಡಲೇಬೇಡಿ. ಅದನ್ನು ಬೆಚ್ಚಗೆ ಮಾಡಿ, ಒಂದೆರಡು ಹನಿ ನೀರು ಕುಡಿಸಿ, ಚೇತರಿಸಿಕೊಂಡು ಕೂಗುವಂತಾದ ಮೇಲೆ ಸೇರಿಸಿ.

ಹೇಂಟೆ ಎಷ್ಟು ದಿನ ಕೂತಿರಬೇಕು? ಮೂರು ವಾರ ತುಂಬಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಎರಡು ವಾರ ಆಗಿದ್ದರೂ ಕೈಹಾಕಬಹುದು. ಮೊನ್ನೆ ತಾನೇ ಕಾವಿಗೆ ಬಂದದ್ದಕ್ಕೆ ಮರಿ ಕೊಡುವುದು ಅದೃಷ್ಟದ ಆಟ. ಕೆಲವು ಹೇಂಟೆಗಳು ಒಪ್ಪಿಕೊಳ್ಳುತ್ತವೆ, ಆದರೆ ನಂಬಿ ಕೂರುವಂತಿಲ್ಲ. ಇನ್ನೊಂದು ಕೊನೆಯೂ ಇದೆ. ಕೆಟ್ಟ ಮೊಟ್ಟೆಯ ಮೇಲೆ ಐದಾರು ವಾರ ಕೂತ ಹೇಂಟೆ ಇಳಿದು ಸೊರಗಿರುತ್ತದೆ. ಅಷ್ಟು ದಿನ ಎಳೆಯದೆ ಮರಿ ತರುವ ಏರ್ಪಾಟನ್ನು ಮೊದಲೇ ಮಾಡಿಕೊಳ್ಳಿ. ಹ್ಯಾಚರಿಯಲ್ಲಿ ಮರಿ ಸಿಗುವ ದಿನ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಅಲ್ಲಿಂದ ಎರಡು ಮೂರು ವಾರ ಹಿಂದಕ್ಕೆ ಎಣಿಸಿ, ನಾಲ್ಕೈದು ಗೊಡ್ಡು ಮೊಟ್ಟೆಗಳ ಮೇಲೆ ಹೇಂಟೆಯನ್ನು ಕೂರಿಸಿಡಬಹುದು.

ಯಾವ ಹೇಂಟೆ ಎನ್ನುವುದೂ ಮುಖ್ಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂಥ ಸುಧಾರಿತ ತಳಿಗಳು ಹಿತ್ತಿಲಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ಕಾವಿಗೆ ಕೂರುವುದರಲ್ಲಿ ಅವುಗಳನ್ನು ನೆಚ್ಚುವಂತಿಲ್ಲ. ಬಿಳಿ ಲೆಗಾರ್ನ್ ತಳಿಯಲ್ಲಂತೂ ಮೊಟ್ಟೆಯ ಆಸೆಗೆ ಕಾವಿನ ಗುಣವನ್ನು ತಲೆಮಾರುಗಳಿಂದ ಆರಿಸಿ ಆರಿಸಿ ತೆಗೆದುಹಾಕಿದ್ದಾರೆ. ಕಾವು ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಲ್ಲ! ತಾಯ್ತನ ಉಳಿದಿರುವುದು ನಮ್ಮ ನಾಟಿ ಕೋಳಿಯಲ್ಲಿ. ಹ್ಯಾಚರಿಯ ಮರಿಗೆ ನಾಟಿ ಹೇಂಟೆಯ ರೆಕ್ಕೆ ಸಿಕ್ಕಿದರೆ ಎರಡು ಕಡೆಯ ಒಳ್ಳೆಯದೂ ಒಟ್ಟಾಗುತ್ತದೆ. ನಾಟಿಯಲ್ಲೂ ಹಿಂದೆ ಒಂದೆರಡು ಸಲ ಮರಿ ಮಾಡಿ ಬೆಳೆಸಿದ ಹೇಂಟೆಯನ್ನೇ ಆರಿಸಿಕೊಳ್ಳಿ. ಮೊದಲ ಸಲ ಕೂತದ್ದು ಗಾಬರಿಯಾಗುವುದು ಹೆಚ್ಚು.

ಈಗ ಮರಿಯ ಕಡೆ. ಮೊಟ್ಟೆ ಒಡೆಯುವ ಮೊದಲು ಉಳಿದ ಹಳದಿ ಭಾಗವನ್ನು ಮರಿ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯಿಂದಲೇ ಅದು ಎರಡು ದಿನ ಮೇವಿಲ್ಲದೆ ಬದುಕಬಲ್ಲದು. ಮೊದಲು ಒಡೆದ ಮರಿ ತಾಯಿಯ ಕೆಳಗೆ ಕಾಯುತ್ತ, ಕೊನೆಯದು ಒಡೆಯುವ ತನಕ ತಾಯಿ ಏಳದೆ ಇರಲೆಂದು ಪ್ರಕೃತಿ ಮಾಡಿದ ಏರ್ಪಾಟು ಇದು. ಹ್ಯಾಚರಿಯವರು ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ದೂರದೂರಿಗೆ ಕಳಿಸಲು ಸಾಧ್ಯವಾಗಿರುವುದೂ ಇದರಿಂದಲೇ.

ಅದೇ ಎರಡು ಮೂರು ದಿನಗಳಲ್ಲಿ ಮರಿ ತನ್ನ ತಾಯಿ ಯಾರೆಂದು ಮನಸ್ಸಿನಲ್ಲಿ ಅಚ್ಚು ಹಾಕಿಕೊಳ್ಳುತ್ತದೆ. 1873ರಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಎಂಬ ಇಂಗ್ಲಿಷ್ ಸಂಶೋಧಕ ಇದನ್ನು ಪರೀಕ್ಷಿಸಿ ಬರೆದಿಟ್ಟರು. ಆಗಷ್ಟೇ ಒಡೆದ ಮರಿಗಳಿಗೆ ಸಣ್ಣ ಟೋಪಿ ತೊಡಿಸಿ ಕಣ್ಣು ಮುಚ್ಚಿಟ್ಟಿದ್ದರು. ಎರಡು ಮೂರು ದಿನದೊಳಗೆ ಟೋಪಿ ತೆಗೆದರೆ, ಚಲಿಸುವ ಯಾವುದೇ ಜೀವಿಯ ಹಿಂದೆ, ಸ್ವತಃ ಅವರ ಹಿಂದೆಯೂ, ಮರಿಗಳು ಓಡಿದವು. ನಾಲ್ಕು ದಿನ ಸಮೀಪಿಸುವ ತನಕ ಕಣ್ಣು ಮುಚ್ಚಿಟ್ಟಿದ್ದ ಮರಿಗಳು ಅವರನ್ನು ಕಂಡೊಡನೆ ಹೆದರಿ ದೂರ ಓಡಿದವು. ಪ್ರೀತಿ ಅಂಟಿಕೊಳ್ಳುವ ಕಾಲ ಮುಗಿದು ಭಯದ ಕಾಲ ಶುರುವಾಗಿತ್ತು.

ಹಾಗಾಗಿ ಒಂದು ದಿನದ ಮರಿ ಉತ್ತಮ, ಎರಡು ದಿನದ್ದು ಒಳ್ಳೆಯದು, ಮೂರು ದಿನದ್ದು ಆದೀತು. ವಾರಗಟ್ಟಲೆ ಬಲ್ಬಿನಡಿ ಬೆಳೆದ ಮರಿಯನ್ನು ತಂದರೆ ಹೇಂಟೆ ಒಪ್ಪಿದರೂ ಮರಿ ಒಪ್ಪುವುದಿಲ್ಲ. ಹೇಂಟೆ ರೆಕ್ಕೆ ಅಗಲಿಸಿ ಕರೆದರೆ ಅದು ಮೂಲೆಗೆ ಓಡುತ್ತದೆ, ರಾತ್ರಿ ಹೊರಗೇ ಉಳಿದು ಚಳಿಗೆ ಸಾಯುತ್ತದೆ. ಅಂಥ ಮರಿಗಳನ್ನು ಬಲ್ಬಿನಡಿಯಲ್ಲೇ ಬೆಳೆಸುವುದು ದಯೆಯ ಕೆಲಸ.

ಸೇರಿಸುವ ವಾರದ ಮೊದಲೇ ಮಾಡಬೇಕಾದ ಕೆಲವು ಕೆಲಸಗಳಿವೆ. ಕಾವು ಕೂತ ಹೇಂಟೆಯ ಮೈಯಲ್ಲಿ ಹೇನು ತುಂಬಿರುತ್ತದೆ, ಏಕೆಂದರೆ ಅದು ಮಣ್ಣಿನಲ್ಲಿ ಹೊರಳಾಡಿ ದಿನಗಳಾಗಿರುತ್ತವೆ. ಅವೇ ಹೇನು ಎಳೆ ಮರಿಗೆ ಹತ್ತಿದರೆ ಅದನ್ನು ಸೊರಗಿಸುತ್ತವೆ. ದಿನಕ್ಕೊಮ್ಮೆ ಹೇಂಟೆ ಹೊರಗೆ ಬರುವ ಹೊತ್ತಿಗೆ ಹತ್ತಿರದಲ್ಲಿ ಒಲೆಯ ಬೂದಿ ಕಲಸಿದ ಒಣಮಣ್ಣಿನ ಗುಂಡಿ ಮಾಡಿಕೊಡಿ, ತಾನೇ ಹೊರಳಾಡುತ್ತದೆ. ಅಂಗಡಿಯ ಔಷಧಿಪುಡಿಯನ್ನೇ ಹಾಕುವುದಾದರೆ ಮರಿ ಬರುವ ಎಷ್ಟೋ ದಿನ ಮೊದಲೇ ಹಾಕಿ ಮುಗಿಸಿ. ಆಮೇಲೆ ಅದರ ಧೂಳು ಮರಿಯ ಕಣ್ಣು ಮೂಗಿಗೆ ಹೋಗಬಾರದು.

ಗೂಡು ನೆಲಮಟ್ಟದಲ್ಲಿರಬೇಕು. ಅಟ್ಟದ ಮೇಲೆ ತೂಗುಹಾಕಿದ ಮಂಕರಿಯಲ್ಲಿ ಹೇಂಟೆ ಕೂತಿದ್ದರೆ, ಕೆಲವು ದಿನ ಮೊದಲೇ ಒಂದು ರಾತ್ರಿ ಅದನ್ನು ಮಂಕರಿ ಸಮೇತ ಕೆಳಗಿಳಿಸಿ, ಹೊಸ ಜಾಗಕ್ಕೆ ಒಗ್ಗಿಸಿ. ಕೆಳಗೆ ಬಿದ್ದ ಮರಿ ತಾನಾಗಿ ಮತ್ತೆ ಹತ್ತಿಕೊಳ್ಳುವಷ್ಟು ಅಂಚು ತಗ್ಗಾಗಿರಲಿ. ಬೇರೆ ಕೋಳಿಗಳು ಬರದಂತೆ ತಡೆ ಇರಲಿ, ಹೆಗ್ಗಣ ನುಸುಳುವ ಸಂದು ಇರದಿರಲಿ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಬ್ಬಿಣದ ಚೂರು, ಇದ್ದಿಲು ಹುದುಗಿಸಿದ್ದರೆ ಅವನ್ನೂ ತೆಗೆದುಬಿಡಿ. ಮೊಟ್ಟೆಗೆ ಆಸರೆಯಾಗಿದ್ದ ಆಳದ ಗುಳಿ ಮರಿಗೆ ಅಪಾಯ. ತಾಯಿಕೋಳಿ ತುಳಿದರೆ ಮರಿ ಸಾಯುವುದಿಲ್ಲ ಎಂಬ ಮಾತು ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಇದೆ, ಅಂಗಳದಲ್ಲಿ ಅದು ನಿಜವೂ ಹೌದು. ಆದರೆ ಇಕ್ಕಟ್ಟಾದ ಗುಳಿಯಲ್ಲಿ ಕೆಳಗೆ ಸಿಕ್ಕಿಕೊಂಡ ಮರಿ ಹೇಂಟೆಯ ಭಾರಕ್ಕೆ ಉಸಿರುಗಟ್ಟುವುದುಂಟು. ಹುಲ್ಲು ತುಂಬಿ ಗುಳಿಯನ್ನು ಹೆಚ್ಚುಕಡಿಮೆ ಸಪಾಟು ಮಾಡಿ.

ಮರಿ ಮನೆಗೆ ಬಂದ ಕೂಡಲೇ ಹೇಂಟೆಯಡಿ ತುರುಕಬೇಡಿ. ಮೊದಲು ನೀರು. ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿ ತೋರಿಸಿ. ದೂರದಿಂದ ಬಂದಿದ್ದರೆ ನೀರಿಗೆ ಚೂರು ಬೆಲ್ಲ ಹಾಕಬಹುದು. ಆಮೇಲೆ ಒಂದಿಷ್ಟು ಮೇವು. ಕತ್ತಲಾಗುವ ತನಕ ಪೆಟ್ಟಿಗೆಯಲ್ಲಿ ಬಲ್ಬಿನ ಶಾಖ ಸುಮಾರು 35 ಡಿಗ್ರಿ ಇರಲಿ. ಹೇಂಟೆಯ ಹೊಟ್ಟೆಗೆ ತಣ್ಣನೆಯ ಮರಿ ತಾಗಿದರೆ ಅದು ಬೆಚ್ಚುತ್ತದೆ, ಮರಿಯೂ ಚೀರುತ್ತದೆ. ಸಂಜೆ ಪೆಟ್ಟಿಗೆಯನ್ನು ಹೇಂಟೆಗೆ ಕಾಣದಂತೆ, ಆದರೆ ಕೇಳಿಸುವಷ್ಟು ಹತ್ತಿರ, ಸ್ವಲ್ಪ ಹೊತ್ತು ಇಡಿ. ಇದು ನನಗೆ ತುಂಬ ನಂಬಿಕೆಯ ಪರೀಕ್ಷೆ. ಹೇಂಟೆ ಕತ್ತು ತಿರುಗಿಸಿ ಆಲಿಸುತ್ತ ಮೆಲ್ಲಗೆ ಕೊಕ್ ಕೊಕ್ ಎಂದು ಉತ್ತರ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ತನ್ನ ಮೊಟ್ಟೆಯೊಳಗಿನ ಮರಿಗೂ ಒಡೆಯುವ ಮುನ್ನ ಅದು ಹೀಗೆಯೇ ಓಗೊಡುತ್ತಿತ್ತು.

ಸೇರಿಸುವುದು ಪೂರ್ತಿ ಕತ್ತಲಾದ ಮೇಲೆ. ಕೋಳಿಯ ಕಣ್ಣು ಹಗಲಿಗೆ ಮಾಡಿದ್ದು, ಕತ್ತಲಲ್ಲಿ ಅದಕ್ಕೆ ಸರಿಯಾಗಿ ಕಾಣದು. ಆದ್ದರಿಂದ ಸುಮ್ಮನೆ ಕೂತಿರುತ್ತದೆ. ಹೊಸ ಮರಿಯ ಬಣ್ಣ, ಗಾತ್ರ ಯಾವುದೂ ಆಗ ಅದರ ಗಮನಕ್ಕೆ ಬರುವುದಿಲ್ಲ. ಹೊಟ್ಟೆಗೆ ತಾಗುವ ಬಿಸುಪು ಮತ್ತು ಕಿವಿಗೆ ಬೀಳುವ ದನಿ ಮಾತ್ರ ಅದನ್ನು ಮುಟ್ಟುತ್ತವೆ. ಟಾರ್ಚಿನ ಬೆಳಕನ್ನು ಕೆಂಪು ಬಟ್ಟೆಯಿಂದ ಮಂಕು ಮಾಡಿಕೊಳ್ಳಿ. ಹೇಂಟೆಗೆ ದಿನವೂ ಮೇವು ಹಾಕುವವರೇ ಹೋಗಬೇಕು, ಒಬ್ಬರೇ ಹೋಗಬೇಕು. ನಾಯಿ, ಮಕ್ಕಳ ಗಲಾಟೆ ಬೇಡ.

ಮುಂದಿನಿಂದ ಕೈ ಚಾಚಿದರೆ ಕುಕ್ಕುತ್ತದೆ. ಪಕ್ಕದಿಂದ, ರೆಕ್ಕೆಯ ಹಿಂಬದಿಯಿಂದ, ಅಂಗೈಯೊಳಗೆ ಮರಿಯನ್ನು ಮುಚ್ಚಿ ಹಿಡಿದು ಕೈ ಒಳಗೆ ತೂರಿಸಿ. ಕುಕ್ಕಿದರೂ ನಿಮ್ಮ ಕೈಗೆ ಬೀಳಬೇಕು, ಮರಿಗೆ ಬೀಳಬಾರದು. ಒಂದು ಮೊಟ್ಟೆ ತೆಗೆದು ಆ ಜಾಗದಲ್ಲಿ ಒಂದು ಮರಿ ಬಿಡಿ. ಇನ್ನೊಂದು ಮೊಟ್ಟೆ, ಇನ್ನೊಂದು ಮರಿ. ಎರಡಾದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಕಿವಿಗೊಟ್ಟು ಕೂರಿ. ಮರಿ ಜೋರಾಗಿ ಕೂಗಿ, ಬರಬರುತ್ತ ದನಿ ತಗ್ಗಿ, ಸಣ್ಣಗೆ ಗುಯ್‌ಗುಟ್ಟಿ ನಿದ್ದೆಹೋಗುತ್ತದೆ. ಹೇಂಟೆ ರೆಕ್ಕೆ ಸ್ವಲ್ಪ ಎತ್ತಿ, ಮೈ ಸಡಿಲಿಸಿ, ಮತ್ತೆ ಕೂರುತ್ತದೆ. ಇದು ಒಪ್ಪಿಗೆ. ಇದಾದ ಮೇಲೆ ಉಳಿದ ಮರಿಗಳನ್ನೂ ಬಿಡಿ, ಮೊಟ್ಟೆಗಳನ್ನೆಲ್ಲ ತೆಗೆಯಿರಿ. ಒಂದು ಮೊಟ್ಟೆ ಉಳಿದರೂ ಹೇಂಟೆ ಅದಕ್ಕಾಗಿ ಕೂತು, ಮರಿಗಳನ್ನು ಮೇವಿಗೆ ಕರೆದೊಯ್ಯಲು ತಡಮಾಡಬಹುದು. ಕೂಗು ತಗ್ಗದೆ, ಹೇಂಟೆ ಎದ್ದೆದ್ದು ಕೂರುತ್ತಿದ್ದರೆ ಆ ಎರಡನ್ನೂ ಹಿಂದಕ್ಕೆ ತೆಗೆದುಕೊಳ್ಳಿ. ಮರುರಾತ್ರಿ ಇನ್ನೊಂದು ಸಲ ನೋಡಿ. ಅದಕ್ಕಿಂತ ಮುಂದೆ ಬಲವಂತ ಬೇಡ.

ಸಾಧಾರಣ ನಾಟಿ ಹೇಂಟೆಯ ರೆಕ್ಕೆಯಡಿ ಹತ್ತು ಹನ್ನೆರಡು ಮರಿ ಹಿಡಿಸುತ್ತವೆ. ಮಲೆನಾಡಿನ ಮಳೆಗಾಲದಲ್ಲಿ, ಬಯಲುಸೀಮೆಯ ಡಿಸೆಂಬರ್ ಚಳಿಯಲ್ಲಿ ಎಂಟಕ್ಕೆ ನಿಲ್ಲಿಸುವುದು ಕ್ಷೇಮ. ಇವತ್ತು ಹಿಡಿಸಿದ ಮರಿಗಳು ಎರಡು ವಾರದಲ್ಲಿ ಎರಡರಷ್ಟು ಜಾಗ ಕೇಳುತ್ತವೆ, ಆದರೆ ಅಷ್ಟರಲ್ಲಿ ಅವುಗಳ ಮೈಗೆ ಗರಿ ಪೂರ್ತಿ ಬಂದಿರುವುದಿಲ್ಲ.

ಹೇಂಟೆಗೆ ಸ್ವಂತದ ಮೂರ್ನಾಲ್ಕು ಮರಿ ಹುಟ್ಟಿದ್ದು, ಜೊತೆಗೆ ಬೇರೆಯವನ್ನು ಸೇರಿಸಬೇಕಾದರೆ, ಹುಟ್ಟಿದ ಒಂದೆರಡು ರಾತ್ರಿಯೊಳಗೆ ಸೇರಿಸಿ. ಆಗ ಕೆಲಸ ಎಲ್ಲಕ್ಕಿಂತ ಸುಲಭ. ಕೆಲವು ದಿನ ಕಳೆದರೆ ಹೇಂಟೆ ತನ್ನವನ್ನು ಗುರುತಿಟ್ಟಿರುತ್ತದೆ. ಹಳದಿ ಮರಿಗಳ ನಡುವೆ ಒಂದು ಕರಿ ಮರಿ ಹೊಸದಾಗಿ ಕಂಡರೆ ಅದನ್ನೇ ಆರಿಸಿ ಓಡಿಸುತ್ತದೆ. ಮೊದಲ ದಿನದಿಂದಲೇ ಎಲ್ಲ ಬಣ್ಣವೂ ಇದ್ದರೆ ಈ ಭೇದ ಬರುವುದಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಗೂಡಿನ ಹತ್ತಿರ ಇರಬೇಕು. ಇದೊಂದನ್ನು ಯಾರೂ ತಪ್ಪಿಸಬಾರದು. ರಾತ್ರಿ ಕಂಡದ್ದು ಅರ್ಧ ಒಪ್ಪಿಗೆ, ಹೇಂಟೆ ಮರಿಗಳನ್ನು ಕಣ್ಣಾರೆ ನೋಡುವುದು ಈಗ. ಮೆಲ್ಲಗೆ ಒಮ್ಮೆ ಕೊಕ್ಕು ತಾಗಿಸಿ ನೋಡುವುದು, ಮರಿಯ ಮೈಗಂಟಿದ ಹುಲ್ಲನ್ನು ಎತ್ತುವುದು, ಇವಕ್ಕೆ ಗಾಬರಿಯಾಗಬೇಡಿ. ತಲೆಗೆ ಗುರಿಯಿಟ್ಟು ಕುಕ್ಕಿದರೆ, ಅಟ್ಟಿಸಿಕೊಂಡು ಹೋದರೆ, ಆ ಕ್ಷಣವೇ ಮರಿಗಳನ್ನೆಲ್ಲ ತೆಗೆಯಿರಿ. ಹೇಂಟೆ ಮುಂದೆ ಸರಿಹೋದೀತು ಎಂದು ಕಾದರೆ ಮರಿ ಉಳಿಯುವುದಿಲ್ಲ. ಅದಕ್ಕಾಗಿ ಬಲ್ಬಿನ ಪೆಟ್ಟಿಗೆಯನ್ನು ಕನಿಷ್ಠ ಎರಡು ದಿನ ಬಿಚ್ಚದೆ ಹಾಗೇ ಸಿದ್ಧವಾಗಿಡಿ.

ಎಲ್ಲ ಸರಿಯಾಗಿದ್ದರೆ ಮೊದಲ ಮೂರು ದಿನ ತಾಯಿ ಮರಿಗಳನ್ನು ಒಂದೇ ಪಂಜರದಲ್ಲಿ ಇಡಿ. ಮೇವು ಮರಿಗಳಿಗೆಂದೇ ಬರುವ ಸ್ಟಾರ್ಟರ್ ಇರಲಿ, ಹೇಂಟೆಯೂ ಅದನ್ನೇ ತಿನ್ನಲಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಹೆಚ್ಚು, ಅದು ಎಳೆ ಮರಿಯ ಮೂತ್ರಪಿಂಡಕ್ಕೆ ಕೆಡುಕು. ಬರೀ ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯದು. ಮಡಕೆಗೆ ಸಗಣಿ, ಒಣಹುಲ್ಲು ತುಂಬಿ, ನೀರು ಚಿಮುಕಿಸಿ, ಹುತ್ತದ ಬಳಿ ಕವುಚಿಟ್ಟು ಗೆದ್ದಲು ಹಿಡಿದು ಹಾಕುವ ಪದ್ಧತಿ ಇದ್ದವರು ಅದನ್ನು ಬಿಡಬೇಡಿ, ಮರಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ನೀರಿನ ತಟ್ಟೆ ಆಳವಿರಬಾರದು. ಅದರಲ್ಲಿ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ.

ಮೇವು ಹಾಕಿದಾಗ ಹೇಂಟೆಯನ್ನು ಗಮನಿಸಿ. ಕಾಳು ಎತ್ತಿ, ಕೆಳಗೆ ಬೀಳಿಸಿ, ಬೇಗಬೇಗ ಕೊಕ್ಕೊಕ್ಕೊಕ್ ಎಂದು ಕರೆಯುತ್ತದೆ. 1996ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ನಿಕೋಲ್ ಮತ್ತು ಸ್ಟುವರ್ಟ್ ಪೋಪ್ ಒಂದು ಸೊಗಸಾದ ಸಂಗತಿ ತೋರಿಸಿದರು. ತಿನ್ನಬಾರದೆಂದು ತಾನು ಕಲಿತಿದ್ದ ಬಣ್ಣದ ಮೇವನ್ನು ಮರಿಗಳು ತಿನ್ನುತ್ತಿರುವಂತೆ ಕಂಡಾಗ ಹೇಂಟೆ ಸರಿಯಾದ ಮೇವಿನತ್ತ ಕರೆಯುವುದನ್ನು ಇನ್ನಷ್ಟು ಜೋರು ಮಾಡುತ್ತಿತ್ತು. ಬಲ್ಬು ಶಾಖ ಕೊಡಬಲ್ಲದು, ಈ ಪಾಠ ಕೊಡಲಾರದು. ಹದ್ದಿನ ನೆರಳು ಬಿದ್ದಾಗ ಕೂಗಿ ಮರಿಗಳನ್ನು ಅಡಗಿಸುವುದನ್ನೂ ಅದು ಕಲಿಸದು. ಹಿತ್ತಿಲಲ್ಲಿ ಬದುಕಬೇಕಾದ ಕೋಳಿಗೆ ತಾಯಿ ಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ರೋಗದ ವಿಚಾರದಲ್ಲಿ ಒಂದು ಇಕ್ಕಟ್ಟಿದೆ. ಹೊರಗಿನಿಂದ ತಂದ ಕೋಳಿಯನ್ನು ಕೆಲವು ದಿನ ಬೇರೆ ಇಟ್ಟು ನೋಡಬೇಕು ಎನ್ನುವುದು ಒಳ್ಳೆಯ ನಿಯಮ, ಆದರೆ ಇಲ್ಲಿ ಕಾಯುವಷ್ಟು ದಿನವೇ ಇಲ್ಲ. ಆದ್ದರಿಂದ ಮರಿ ಎಲ್ಲಿಂದ ಬಂತು ಎನ್ನುವುದೇ ನಿಮಗಿರುವ ಕಾವಲು. ಸಂತೆಯಲ್ಲಿ ಹತ್ತು ಕಡೆಯ ಮರಿ ಬೆರೆಸಿ ಮಾರುವವರಿಂದ ತರಬೇಡಿ. ನಂಬಿಕೆಯ ಹ್ಯಾಚರಿಯಿಂದ, ಅಥವಾ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಿಂದ ತನ್ನಿ. ಮ್ಯಾರೆಕ್ಸ್ ಲಸಿಕೆ ಮೊದಲ ದಿನವೇ ಅಲ್ಲಿ ಹಾಕಿದ್ದಾರೆಯೇ ಎಂದು ಕೇಳಿ. ಕೊಕ್ಕರೆ ರೋಗದ ಲಸೋಟಾ ಇಲ್ಲವೇ ಎಫ್-1 ಲಸಿಕೆಯನ್ನು 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡಿಸಬೇಕು. ಒಂದು ಸೀಸೆ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ಹತ್ತು ಮರಿಗಾಗಿ ಸೀಸೆ ಒಡೆಯುವುದೆಂದು ಎಷ್ಟೋ ಮನೆಯವರು ಲಸಿಕೆಯನ್ನೇ ಬಿಡುತ್ತಾರೆ, ಆಮೇಲೆ ರೋಗ ಬಂದು ಊರಿನ ಕೋಳಿಯೆಲ್ಲ ಹೋಗುತ್ತವೆ. ಬೀದಿಯವರೆಲ್ಲ ಮಾತಾಡಿಕೊಂಡು ಒಂದೇ ಬೆಳಿಗ್ಗೆ ಹಾಕಿಸಿ. ಪಶು ಆಸ್ಪತ್ರೆಯಿಂದ ಸೀಸೆಯನ್ನು ಐಸಿನಲ್ಲೇ ತನ್ನಿ. ಹನಿ ಹಾಕಲು ಮರಿ ಹಿಡಿಯುವಾಗ ಹೇಂಟೆ ಮೈಮೇಲೆ ಬರುತ್ತದೆ. ಮೊದಲು ಅದನ್ನು ಬೇರೆ ಬುಟ್ಟಿಯಡಿ ಮುಚ್ಚಿ, ಕೆಲಸ ಮುಗಿಸಿ, ಮರಿಗಳನ್ನು ಪಂಜರಕ್ಕೆ ಬಿಟ್ಟ ಮೇಲೆ ಹೇಂಟೆಯನ್ನು ಬಿಡಿ.

ವಾರ ಕಳೆದ ಮೇಲೆ, ಬಿಸಿಲೇರಿ ಹುಲ್ಲಿನ ಇಬ್ಬನಿ ಆರಿದ ಹೊತ್ತಿನಲ್ಲಿ, ಒಂದೆರಡು ಗಂಟೆ ಹಿತ್ತಿಲಿಗೆ ಬಿಡಬಹುದು. ಸಂಜೆ ಮರಿಗಳನ್ನು ಎಣಿಸಿ ಮುಚ್ಚಿ. ರಾತ್ರಿ ಒಮ್ಮೆ ಹೋಗಿ, ಹೇಂಟೆಯ ಹೊರಗೆ ಯಾವುದಾದರೂ ಒಂಟಿಯಾಗಿ ಉಳಿದಿದೆಯೇ ನೋಡಿ ಒಳಗೆ ಸೇರಿಸಿ. ಮಳೆಗಾಲದಲ್ಲಿ ನೆಂದ ಮರಿಯನ್ನು ಒರೆಸಿ ಒಣಗಿಸದೆ ಹಾಗೇ ಬಿಡಬೇಡಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ ಇರಬಹುದು, ಅದೇ ದಿನ ಪಶುವೈದ್ಯರಿಗೆ ತೋರಿಸಿ ಹಾಸನ್ನು ಬದಲಿಸಿ.

ಆರರಿಂದ ಎಂಟು ವಾರದ ಹೊತ್ತಿಗೆ ಹೇಂಟೆ ಮರಿಗಳನ್ನು ಕುಕ್ಕಿ ದೂರ ಮಾಡತೊಡಗುತ್ತದೆ, ಮತ್ತೆ ಮೊಟ್ಟೆಗೆ ಬರುತ್ತದೆ. ಮರಿಗಳಿಗೆ ಅಷ್ಟರಲ್ಲಿ ಗರಿ ತುಂಬಿ, ಮೇವು ಹುಡುಕುವುದು ತಿಳಿದಿರುತ್ತದೆ. ತಾಯಿ ಬಿಟ್ಟ ಮೊದಲ ಕೆಲವು ರಾತ್ರಿ ಅವು ಹಳೆಯ ಪಂಜರದ ಮೂಲೆಯಲ್ಲೇ ಒತ್ತಾಗಿ ಮಲಗುತ್ತವೆ. ಕತ್ತಲಾದ ಮೇಲೆ ಒಂದೊಂದನ್ನೇ ಎತ್ತಿ ದೊಡ್ಡ ಕೋಳಿಗಳ ಗೂಡಿನ ತಗ್ಗಿನ ಅಡ್ಡಕೋಲಿನ ಮೇಲೆ ಕೂರಿಸಿದರೆ ನಾಲ್ಕೈದು ದಿನದಲ್ಲಿ ತಾವೇ ಹತ್ತಲು ಕಲಿಯುತ್ತವೆ.